ಚುಕ್ಕಿ ಎಲ್ಲಿದೆ? ಚಾರ್ಜ್ ಎಷ್ಟಿದೆ?



ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಫೋನ್ ಎತ್ತಿದ ಕೂಡಲೇ ಬರುತ್ತಿದ್ದ ಮೊದಲ ಮಾತು ‘ಹೇಗಿದ್ದೀರಿ?’ ಮೊಬೈಲ್ ಕೈಗೆ ಬಂದ ಮೇಲೆ ಆ ಜಾಗವನ್ನು ‘ಎಲ್ಲಿದ್ದೀಯಾ?’ ಹಿಡಿದುಕೊಂಡಿತು. ಈಗ ಅದನ್ನೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ನಕ್ಷೆ ತೆರೆದರೆ ಒಂದು ಚುಕ್ಕಿ ಕಾಣುತ್ತದೆ. ಮಗಳು ಅಲ್ಲಿದ್ದಾಳೆ, ಅಣ್ಣನ ಬಸ್ಸು ಇಲ್ಲಿಗೆ ಬಂತು, ಅಪ್ಪ ವಾಕಿಂಗ್ ಮುಗಿಸಿ ಮನೆ ಕಡೆ ತಿರುಗಿದರು ಅಂತ ಎಲ್ಲವನ್ನೂ ಆ ಚುಕ್ಕಿಯೇ ಹೇಳುತ್ತದೆ.

ಹೈದರಾಬಾದಿನಲ್ಲಿರುವ ನಮ್ಮಂಥವರಿಗೆ ಈ ಚುಕ್ಕಿ ಒಂದು ದೊಡ್ಡ ಆಸರೆ. ರಾಯಚೂರು, ಕಲಬುರಗಿ, ಬೀದರ್ ಕಡೆಯ ಎಷ್ಟೋ ಮನೆಗಳ ಮಕ್ಕಳು ಮಾಧಾಪುರ, ಗಚ್ಚಿಬೌಲಿಯಲ್ಲಿ ಕೆಲಸದಲ್ಲಿದ್ದಾರೆ. ಶುಕ್ರವಾರ ಸಂಜೆ ಎಂಜಿಬಿಎಸ್‌ಗೆ ಓಡಿ ಬಸ್ ಹತ್ತಿ ಊರಿಗೆ ಹೋಗುತ್ತಾರೆ. ಅಲ್ಲಿ ಅವ್ವ ಎಚ್ಚರವಾಗಿ ಕೂತಿರುತ್ತಾಳೆ. 2019ರ ನವೆಂಬರ್ ಕೊನೆಯಲ್ಲಿ ಶಂಷಾಬಾದ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ನಡೆದ ಘೋರ ಕೃತ್ಯವನ್ನು ಈ ಊರು ಮರೆತಿಲ್ಲ. ಆ ರಾತ್ರಿ ಮನೆಯವರು ಮತ್ತೆ ಕರೆ ಮಾಡಿದಾಗ ಅವರ ಫೋನ್ ಸ್ವಿಚ್ ಆಫ್ ಬಂದಿತ್ತು. ಯಾವ ಆ್ಯಪೂ ಅಂಥ ದುರಂತವನ್ನು ತಡೆದೇ ತಡೆಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ‘ಸ್ವಿಚ್ ಆಫ್’ ಅನ್ನುವ ಎರಡು ಮಾತು ಕೇಳಿದರೆ ಮನೆಯವರ ಎದೆ ಧಸಕ್ ಅನ್ನುತ್ತದೆ. ಅದಕ್ಕೇ ಫೋನಿನಲ್ಲಿ ಟ್ರ್ಯಾಕಿಂಗ್ ಆ್ಯಪ್ ಹಾಕಿಸುತ್ತೇವೆ.

ತಮಾಷೆ ನೋಡಿ. ಯಾವ ಆ್ಯಪನ್ನು ಧೈರ್ಯಕ್ಕೆ ಅಂತ ಹಾಕಿಸಿದೆವೋ, ಅದೇ ಬ್ಯಾಟರಿ ತಿಂದು ಫೋನನ್ನು ನಡುದಾರಿಯಲ್ಲಿ ಆರಿಸಿಬಿಟ್ಟರೆ? ಪಟಾನ್‌ಚೆರು ದಾಟುವವರೆಗೆ ಮೀಟರ್ ಲೆಕ್ಕದಲ್ಲಿ ಜಾಗ ತೋರಿಸಿ, ಜಹೀರಾಬಾದ್ ಹೊತ್ತಿಗೆ ಫೋನೇ ಸತ್ತುಹೋದರೆ ಆ ನಿಖರತೆಯಿಂದ ಏನು ಉಪಯೋಗ? ನಿಖರತೆ ಮತ್ತು ಬ್ಯಾಟರಿ ಎರಡನ್ನೂ ಪೂರ್ತಿಯಾಗಿ ಒಟ್ಟಿಗೆ ಪಡೆಯುವುದು ಕಷ್ಟ. ಒಂದನ್ನು ಸ್ವಲ್ಪ ಬಿಟ್ಟುಕೊಟ್ಟರೆ ಇನ್ನೊಂದು ಉಳಿಯುತ್ತದೆ. ಎಲ್ಲಿ, ಎಷ್ಟು ಬಿಡಬೇಕು ಅನ್ನುವುದೇ ಈ ಸಲದ ನಮ್ಮ ಮಾತು.

ಜಿಪಿಎಸ್ ಅಂದ್ರೂ ಒಂದು ರೇಡಿಯೋನೇ!

ರೇಡಿಯೋದವಳು ನಾನು, ಹಾಗಾಗಿ ರೇಡಿಯೋದಿಂದಲೇ ಶುರು ಮಾಡುತ್ತೇನೆ. ನಿಮ್ಮ ಫೋನಿನೊಳಗಿನ ಜಿಪಿಎಸ್ ಭಾಗ ನಿಜಕ್ಕೂ ಒಂದು ಪುಟ್ಟ ರೇಡಿಯೋ ಸೆಟ್ಟು. ನಮ್ಮ ಎಫ್‌ಎಂ ನಿಮಗೆ 88ರಿಂದ 108 ಮೆಗಾಹರ್ಟ್ಸ್ ನಡುವೆ ಸಿಗುತ್ತದೆ. ಜಿಪಿಎಸ್ ಉಪಗ್ರಹಗಳ ಮುಖ್ಯ ನಾಗರಿಕ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ನಮ್ಮ ಟ್ರಾನ್ಸ್‌ಮಿಟರ್ ಇದೇ ಊರಿನಲ್ಲಿದೆ, ಆ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಇಳಿದು ಬರುವ ಹೊತ್ತಿಗೆ ಆ ದನಿ ಎಷ್ಟು ಕ್ಷೀಣವಾಗಿರುತ್ತದೆಂದರೆ, ಗದ್ದಲದ ಸಂತೆಯಲ್ಲಿ ಪಿಸುಮಾತು ಆಲಿಸಿದ ಹಾಗೆ ಫೋನ್ ಅದನ್ನು ಹುಡುಕಿ ತೆಗೆಯಬೇಕು.

ಅನೇಕರು ತಪ್ಪು ತಿಳಿದಿರುವ ಒಂದು ವಿಷಯ ಇಲ್ಲಿದೆ. ಉಪಗ್ರಹಕ್ಕೆ ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲ! ಅದು ಹೇಳುವುದು ‘ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ’ ಅನ್ನುವುದಷ್ಟೇ. ನೀವು ಈ ಕಾರ್ಯಕ್ರಮ ಕೇಳುತ್ತಿರುವುದು ಕಾಚಿಗುಡದಲ್ಲೋ ಕುಕಟ್‌ಪಲ್ಲಿಯಲ್ಲೋ ಅಂತ ನನಗೆ ಹೇಗೆ ಗೊತ್ತಿಲ್ಲವೋ, ಹಾಗೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು, ಪ್ರತಿಯೊಂದರ ದನಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿ, ‘ಓಹೋ, ನಾನು ಇಲ್ಲಿದ್ದೇನೆ’ ಅಂತ ಕಂಡುಕೊಳ್ಳುವುದು ನಿಮ್ಮ ಫೋನು. ಆ ಉತ್ತರವನ್ನು ಇಂಟರ್‌ನೆಟ್ ಮೂಲಕ ಮನೆಯವರಿಗೆ ಕಳಿಸುವುದು ಆಮೇಲಿನ ಬೇರೆಯೇ ಕೆಲಸ.

ಉಪಗ್ರಹ ಮಾತಾಡುವ ವೇಗವೋ, ಸೆಕೆಂಡಿಗೆ ಬರೀ 50 ಬಿಟ್. ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಓದುತ್ತದೆ. ನೀವು ಮಧ್ಯದಲ್ಲಿ ರೇಡಿಯೋ ಹಾಕಿದರೆ ಮುಖ್ಯಾಂಶ ಮತ್ತೆ ಬರುವವರೆಗೆ ಕಾಯಬೇಕಲ್ಲ, ಅದೇ ಕಥೆ. ಹಾಗಾಗಿ ಬಹಳ ಹೊತ್ತು ಮಲಗಿದ್ದ ಜಿಪಿಎಸ್ ಎದ್ದು ಮೊದಲ ಉತ್ತರ ಕೊಡಲು ಅರ್ಧ ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳಬಹುದು. ಇಂಟರ್‌ನೆಟ್ ಇದ್ದರೆ ಫೋನು ಆ ವಿವರವನ್ನು ಅಲ್ಲಿಂದ ಬೇಗ ತರಿಸಿಕೊಂಡು ಕೆಲವೇ ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ.

ಜಿಪಿಎಸ್ ಅಮೆರಿಕದ್ದು. ನಮ್ಮದೇ ಆದ ವ್ಯವಸ್ಥೆಗೆ ನಾವಿಕ್ ಎಂದು ಹೆಸರು. ಅದರ ಮೊದಲ ಉಪಗ್ರಹವನ್ನು ಇಸ್ರೋ 2013ರ ಜುಲೈ 1ರಂದು ಹಾರಿಸಿತು. ಅದರ ಸಂಚರಣಾ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಈಗಿನ ಫೋನುಗಳು ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಆಲಿಸುತ್ತವೆ.

ಮೂವರನ್ನು ಕೇಳಿದರೆ ಮೂರು ಉತ್ತರ

ಉಪಗ್ರಹ ಒಂದೇ ದಾರಿಯಲ್ಲ. ‘ನಾನು ಎಲ್ಲಿದ್ದೇನೆ?’ ಅಂತ ಫೋನು ಮೂವರನ್ನು ಕೇಳಬಹುದು.

ಮೊದಲನೆಯದು ಉಪಗ್ರಹ. ಮೇಲೆ ತೆರೆದ ಆಕಾಶ ಇದ್ದರೆ ಉತ್ತರದಲ್ಲಿ ಐದು ಮೀಟರಿನಷ್ಟು ಆಚೀಚೆ ಆಗಬಹುದು, ಅಷ್ಟೇ. ಆದರೆ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಚುಕ್ಕಿ ಪಕ್ಕದ ರಸ್ತೆಗೆ ಹಾರುತ್ತದೆ. ಮನೆಯೊಳಗೆ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಅಷ್ಟೂ ಸಿಗುವುದಿಲ್ಲ.

ಎರಡನೆಯದು ವೈಫೈ. ಸುತ್ತಲಿನ ವೈಫೈ ಪೆಟ್ಟಿಗೆಗಳ ಗುರುತನ್ನು ಫೋನ್ ನೋಡುತ್ತದೆ. ಯಾವ ಪೆಟ್ಟಿಗೆ ಎಲ್ಲಿದೆ ಅನ್ನುವ ದೊಡ್ಡ ಪಟ್ಟಿ ಗೂಗಲ್, ಆಪಲ್ ಕಂಪನಿಗಳ ಬಳಿ ಇದೆ. ಹೋಲಿಸಿ ನೋಡಿದರೆ ಕೆಲವು ಹತ್ತು ಮೀಟರುಗಳ ಅಂದಾಜು ಸಿಗುತ್ತದೆ. ಊರೊಳಗೆ ಇದು ಬಹಳ ಚೆನ್ನ, ಕಟ್ಟಡದ ಒಳಗೂ ಕೆಲಸ ಮಾಡುತ್ತದೆ. ಊರು ದಾಟಿದರೆ ವೈಫೈಯೇ ಇಲ್ಲ, ಇನ್ನು ಅಂದಾಜು ಎಲ್ಲಿಂದ?

ಮೂರನೆಯದು ಮೊಬೈಲ್ ಟವರ್. ಫೋನು ಹೇಗಿದ್ದರೂ ಟವರಿನ ಜೊತೆ ಸಂಪರ್ಕದಲ್ಲಿರುತ್ತದೆ, ಆದ್ದರಿಂದ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಆದರೆ ನಗರದಲ್ಲಿ ಕೆಲವು ನೂರು ಮೀಟರ್, ಟವರುಗಳು ದೂರ ದೂರ ಇರುವ ಹೊಲಗದ್ದೆಗಳ ನಡುವೆ ಹಲವು ಕಿಲೋಮೀಟರ್ ವ್ಯತ್ಯಾಸ ಬರಬಹುದು. ಮಕ್ತಲ್ ದಾಟಿದ ಬಸ್ಸು ಕೃಷ್ಣಾ ಸೇತುವೆಯ ಈಚೆ ಇದೆಯೋ ಆಚೆ ಇದೆಯೋ ಅಂತ ಟವರ್ ಒಂದನ್ನೇ ನಂಬಿ ಹೇಳಲಾಗದು.

ಈ ಮೂವರಲ್ಲಿ ಯಾರನ್ನು ಕೇಳಬೇಕು ಅನ್ನುವುದನ್ನು ಆ್ಯಪ್ ಬರೆಯುವವರು ನಿರ್ಧರಿಸಬಹುದು. ಆಂಡ್ರಾಯ್ಡ್‌ನಲ್ಲಿ ‘ಅತ್ಯಂತ ನಿಖರವಾಗಿ ಬೇಕು’, ‘ಸುಮಾರು 100 ಮೀಟರ್ ಸಾಕು’, ‘ಯಾವ ಊರು ಅಂತ ಗೊತ್ತಾದರೆ ಸಾಕು, 10 ಕಿಲೋಮೀಟರ್ ಆದರೂ ಪರವಾಗಿಲ್ಲ’ ಅಂತ ಬೇರೆ ಬೇರೆ ಮಟ್ಟಗಳಿವೆ. ಐಫೋನಿನಲ್ಲಿ, ಜಾಗ ಸುಮಾರು 500 ಮೀಟರಿಗಿಂತ ಹೆಚ್ಚು ಬದಲಾದಾಗ ಮಾತ್ರ ಆ್ಯಪನ್ನು ಎಬ್ಬಿಸುವ ಏರ್ಪಾಡೂ ಇದೆ. ಅದೂ ಐದು ನಿಮಿಷಕ್ಕೊಮ್ಮೆಗಿಂತ ಹೆಚ್ಚು ಸಲ ಎಬ್ಬಿಸುವುದಿಲ್ಲ. ಒಳ್ಳೆಯ ಆ್ಯಪ್ ಸಂದರ್ಭ ನೋಡಿ ಕೇಳುತ್ತದೆ. ಸೋಮಾರಿ ಆ್ಯಪ್ ಯಾವಾಗಲೂ ‘ಅತ್ಯಂತ ನಿಖರವಾಗಿ ಬೇಕು’ ಅಂತ ಹಟ ಹಿಡಿಯುತ್ತದೆ.

ಬ್ಯಾಟರಿ ತಿನ್ನೋದು ಯಾರು?

‘ಜಿಪಿಎಸ್ ಹಾಕಿದರೆ ಚಾರ್ಜ್ ಹೋಗುತ್ತೆ’ ಅಂತ ನಾವೆಲ್ಲ ಹೇಳುತ್ತೇವೆ. ಅದು ಅರ್ಧ ನಿಜ. ಒಂದೇ ತಟ್ಟೆಗೆ ಕೈ ಹಾಕುವವರು ನಾಲ್ಕು ಜನ.

ಒಂದು, ಆಲಿಸುವ ಜಿಪಿಎಸ್. ಸಂಕೇತ ಕ್ಷೀಣವಾಗಿದ್ದಷ್ಟೂ ಅದು ಹೆಚ್ಚು ಹೊತ್ತು ಹೆಣಗಬೇಕು.

ಎರಡು, ಫೋನಿನ ಮಿದುಳು, ಅಂದರೆ ಪ್ರೊಸೆಸರ್. ಜೇಬಿನಲ್ಲಿರುವ ಫೋನು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ. ಅದರಿಂದಲೇ ಚಾರ್ಜ್ ಉಳಿಯುವುದು. ಸೆಕೆಂಡಿಗೊಮ್ಮೆ ‘ಎದ್ದೇಳು, ಜಾಗ ಹೇಳು’ ಅಂತ ತಟ್ಟುತ್ತಿದ್ದರೆ ಅದು ಮಲಗುವುದು ಯಾವಾಗ?

ಮೂರು, ಕಳಿಸುವ ಕೆಲಸ. ಕೇಳುವುದಕ್ಕಿಂತ ಹೇಳುವುದಕ್ಕೆ ಶಕ್ತಿ ಹೆಚ್ಚು ಬೇಕು ಅಂತ ರೇಡಿಯೋದವರಾದ ನಮಗೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯ ರೇಡಿಯೋಗೆ ಎರಡು ಪೆನ್ಸಿಲ್ ಸೆಲ್ ಸಾಕು, ನಮ್ಮ ಟ್ರಾನ್ಸ್‌ಮಿಟರ್‌ಗೆ ಸಾಲದು. ಫೋನು ಒಂದು ಸಣ್ಣ ಸಂದೇಶ ಕಳಿಸಿದರೂ, ಆಮೇಲೆ ಕೆಲವು ಸೆಕೆಂಡು ‘ಇನ್ನೇನಾದರೂ ಇದೆಯೇ?’ ಅಂತ ನೆಟ್‌ವರ್ಕ್ ಜೊತೆ ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಹತ್ತು ಸಲ ಒಂದೊಂದೇ ಜಾಗ ಕಳಿಸುವುದಕ್ಕಿಂತ ಹತ್ತನ್ನೂ ಕಟ್ಟಿ ಒಂದೇ ಸಲ ಕಳಿಸುವುದು ಅಗ್ಗ. ಟವರ್ ದೂರ ಇದ್ದರೆ ಫೋನು ಗಟ್ಟಿಯಾಗಿ ಕೂಗಬೇಕು, ಖರ್ಚು ಇನ್ನೂ ಜಾಸ್ತಿ. ಊರುಗಳ ನಡುವಿನ ಬಯಲಿನಲ್ಲಿ ಬಸ್ಸು ಓಡುವಾಗ ಚಾರ್ಜ್ ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣ.

ನಾಲ್ಕು, ಪರದೆ. ನಕ್ಷೆ ತೆರೆದಿಟ್ಟು ನೋಡುತ್ತಾ ಕೂತರೆ ಹೆಚ್ಚಿನ ಖರ್ಚು ಆ ಬೆಳಕಿನದೇ. ಟ್ರ್ಯಾಕಿಂಗ್ ಆ್ಯಪ್ ಜೇಬಿನೊಳಗಿಂದಲೂ ಕೆಲಸ ಮಾಡುತ್ತದೆ. ಪ್ರಯಾಣ ಮಾಡುವವರು ಅದನ್ನು ತೆರೆದು ನೋಡುತ್ತಿರಬೇಕಾಗಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ್ವಾ?

ನಾನು ಕನ್ನಡ ಬಿ.ಎ., ಲೆಕ್ಕ ಅಂದರೆ ಸ್ವಲ್ಪ ದೂರ. ಆದರೆ ಇದು ಕಿರಾಣಿ ಅಂಗಡಿ ಲೆಕ್ಕದಷ್ಟೇ ಸುಲಭ.

5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ. ಬಿಡದೆ ಟ್ರ್ಯಾಕ್ ಮಾಡುವ ಆ್ಯಪ್ ಒಟ್ಟಾರೆ 0.3 ವ್ಯಾಟ್ ಎಳೆಯುತ್ತದೆ ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಇದು ಫೋನಿಂದ ಫೋನಿಗೆ ಬೇರೆಯಾಗುತ್ತದೆ. ಹೈದರಾಬಾದಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಹತ್ತು ಗಂಟೆ. ಹತ್ತು ಗಂಟೆಗೆ 3 ವ್ಯಾಟ್-ಗಂಟೆ, ಅಂದರೆ ಬ್ಯಾಟರಿಯ ಸುಮಾರು ಶೇ. 16. ಹೊಸ ಫೋನು, ತುಂಬಿದ ಚಾರ್ಜು, ತಡೆದುಕೊಳ್ಳಬಹುದು.

ಈಗ ಇನ್ನೊಂದು ಫೋನು ನೋಡೋಣ. 3000 ಎಂಎಎಚ್‌ದು, ಮೂರ್ನಾಲ್ಕು ವರ್ಷ ಹಳೆಯದು. ಬ್ಯಾಟರಿ ಸವೆದು ಮೊದಲಿನ ಶೇ. 70 ಮಾತ್ರ ಉಳಿದಿದೆ. ಆಗ ತುಂಬಿದರೂ ಸಿಗುವುದು ಸುಮಾರು 8 ವ್ಯಾಟ್-ಗಂಟೆ. ಆಫೀಸ್ ಮುಗಿಸಿ ಓಡಿ ಬಂದು ಬಸ್ ಹತ್ತುವಾಗ ಚಾರ್ಜ್ ಶೇ. 40. ಕೈಯಲ್ಲಿರುವುದು 3.2 ವ್ಯಾಟ್-ಗಂಟೆ. ಅದರಲ್ಲಿ ಟ್ರ್ಯಾಕಿಂಗ್ ಒಂದಕ್ಕೇ 3 ಹೋಯಿತು! ಇನ್ನು ಒಂದು ಕರೆ, ನಾಲ್ಕು ಮೆಸೇಜು, ಎರಡು ಹಾಡು ಕೇಳಿದರೂ ಬೆಳಗಾಗುವ ಮೊದಲೇ ಫೋನು ಕಣ್ಣು ಮುಚ್ಚುತ್ತದೆ.

ಅದೇ ಆ್ಯಪ್ ಐದು ನಿಮಿಷಕ್ಕೊಮ್ಮೆ ಎದ್ದು, 15 ಸೆಕೆಂಡಿನಲ್ಲಿ ಜಾಗ ಕಂಡುಹಿಡಿದು, ಕಳಿಸಿ ಮಲಗಿದರೆ? ಗಂಟೆಗೆ 12 ಸಲ, ಒಟ್ಟು ಮೂರು ನಿಮಿಷ. ಹತ್ತು ಗಂಟೆಗೆ ಅರ್ಧ ಗಂಟೆ. ಖರ್ಚು 3ರಿಂದ 0.15ಕ್ಕೆ ಇಳಿಯಿತು, ಇಪ್ಪತ್ತರಲ್ಲಿ ಒಂದು ಪಾಲು. ಹಳೆಯ ಫೋನೂ ಬೆಂಗಳೂರು ಮುಟ್ಟುತ್ತದೆ.

ಹಾಗಾದರೆ ಕಳೆದುಕೊಂಡದ್ದೇನು? ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು ಐದು ನಿಮಿಷದಲ್ಲಿ 5 ಕಿಲೋಮೀಟರ್ ಹೋಗುತ್ತದೆ. ಅಂದರೆ ನಕ್ಷೆಯ ಚುಕ್ಕಿಗಿಂತ ಬಸ್ಸು 5 ಕಿಲೋಮೀಟರ್ ಮುಂದಿರಬಹುದು. ನಡುರಾತ್ರಿ ಹೆದ್ದಾರಿಯಲ್ಲಿ ಓಡುತ್ತಿರುವ ಬಸ್ಸಿನ ವಿಷಯದಲ್ಲಿ ಅದರಿಂದ ಮನೆಯವರಿಗೆ ಏನೂ ನಷ್ಟವಿಲ್ಲ. ‘ಕರ್ನೂಲು ದಾಟಿತು, ಸರಿಯಾದ ದಾರಿಯಲ್ಲಿದೆ’ ಅಂತ ಗೊತ್ತಾದರೆ ಸಾಕಲ್ಲವೇ?

ಎಷ್ಟು ಸಲ ಕೇಳಬೇಕು?

ಈ ಪ್ರಶ್ನೆಗೆ ನಾವು ಕೋವಿಡ್ ಕಾಲದಲ್ಲಿ ಎರಡು ಬೇರೆ ಬೇರೆ ಉತ್ತರ ನೋಡಿದ್ದೇವೆ.

2020ರ ಏಪ್ರಿಲ್ 2ರಂದು ಕೇಂದ್ರ ಸರ್ಕಾರ ಆರೋಗ್ಯ ಸೇತು ಆ್ಯಪ್ ತಂದಿತು. ಸೋಂಕಿತರ ಹತ್ತಿರ ಯಾರಿದ್ದರು ಅನ್ನುವುದು ಅದರ ಪ್ರಶ್ನೆ. ಒಂದೆರಡು ಮೀಟರ್ ಅಂತರ ಅಳೆಯಲು ಜಿಪಿಎಸ್ ಸಾಲದು. ಐದು ಮೀಟರ್ ಆಚೀಚೆ ಆದರೆ ನೀವು ಪಕ್ಕದ ಸೀಟಿನಲ್ಲಿದ್ದಿರೋ ಪಕ್ಕದ ಅಂಗಡಿಯಲ್ಲಿದ್ದಿರೋ ತಿಳಿಯದು. ಅದಕ್ಕೆ ಅವರು ಹತ್ತಿರದ ಫೋನುಗಳನ್ನು ಗುರುತಿಸಲು ಬ್ಲೂಟೂತ್ ಬಳಸಿದರು. ಓಡಾಡಿದ ಜಾಗಗಳ ದಾಖಲೆಯನ್ನು 15 ನಿಮಿಷಕ್ಕೊಮ್ಮೆ ಫೋನಿನಲ್ಲಿ ಇಡುತ್ತೇವೆ ಎಂದು ಆ್ಯಪಿನ ಖಾಸಗಿತನ ನೀತಿಯಲ್ಲಿ ಬರೆದಿದ್ದರು.

ಅದಕ್ಕೆ ಸ್ವಲ್ಪ ಮೊದಲು, 2020ರ ಮಾರ್ಚ್ ಕೊನೆಯಲ್ಲಿ, ಕರ್ನಾಟಕ ಸರ್ಕಾರ ಕ್ವಾರಂಟೈನ್ ವಾಚ್ ಅನ್ನುವ ಆ್ಯಪ್ ತಂದಿತ್ತು. ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಅದರ ಜೊತೆ ಜಾಗದ ವಿವರವೂ ಹೋಗುತ್ತಿತ್ತು. ‘ಮನೆಯಲ್ಲಿದ್ದಾರೋ ಇಲ್ಲವೋ’ ಅನ್ನುವ ಪ್ರಶ್ನೆಗೆ ಸೆಕೆಂಡಿಗೊಮ್ಮೆ ಉತ್ತರ ಬೇಕಿರಲಿಲ್ಲ. ಗಂಟೆಗೊಮ್ಮೆ ಸೆಲ್ಫಿ ಕಳಿಸುವುದು ಮನುಷ್ಯರಿಗೆ ಎಷ್ಟು ಕಿರಿಕಿರಿ ಅನ್ನುವುದು ಬೇರೆ ಮಾತು, ಬ್ಯಾಟರಿಗೆ ಮಾತ್ರ ಅದು ಹಗುರ.

ಇವೆರಡರ ಎದುರು ಬಸ್ಸುಗಳನ್ನು ನೋಡಿ. ತೆಲಂಗಾಣದ ಸಾರಿಗೆ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಬಸ್ಸು ಎಲ್ಲಿದೆ ಎಂದು ತೋರಿಸುವ ‘ಗಮ್ಯಂ’ ಆ್ಯಪ್ ತಂದಿತು. ಅಲ್ಲಿ ಜಾಗ ಹೇಳುವ ಯಂತ್ರ ಇರುವುದು ಬಸ್ಸಿನಲ್ಲಿ. ಎಂಜಿನ್ ಓಡುತ್ತಿರುವವರೆಗೆ ಅದಕ್ಕೆ ಶಕ್ತಿಯ ಚಿಂತೆಯಿಲ್ಲ. ಹಾಗಾಗಿ ನೀವು ಹತ್ತುವ ಬಸ್ಸಿಗೇ ಇಂಥ ಸೌಲಭ್ಯ ಇದ್ದರೆ, ಮಗಳ ಫೋನನ್ನು ದಣಿಸುವ ಬದಲು ಬಸ್ಸಿನ ಚುಕ್ಕಿಯನ್ನೇ ನೋಡಿ. ಖಾಸಗಿ ಬಸ್ಸುಗಳಲ್ಲಿ ಎಷ್ಟೋ ಕಂಪನಿಗಳು ಟಿಕೆಟ್ ಜೊತೆ ಟ್ರ್ಯಾಕಿಂಗ್ ಲಿಂಕನ್ನೂ ಕಳಿಸುತ್ತವೆ.

ಒಟ್ಟಿನಲ್ಲಿ, ಎಷ್ಟು ಸಲ ಕೇಳಬೇಕು ಅನ್ನುವುದನ್ನು ಪ್ರಯಾಣದ ಹಂತ ನೋಡಿ ತೀರ್ಮಾನಿಸಿ. ದೂರದ ದಾರಿಯಲ್ಲಿ 10-15 ನಿಮಿಷಕ್ಕೊಮ್ಮೆ ಧಾರಾಳ. ಸ್ಟ್ಯಾಂಡಿಗೆ ಕರೆತರಲು ಹೊರಡಬೇಕಾದ ಕೊನೆಯ ಅರ್ಧ ಗಂಟೆಯಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಇರಲಿ. ರಾತ್ರಿ ಬಸ್ಸಿಳಿದು ಆಟೋದಲ್ಲೋ ನಡೆದೋ ಮನೆ ಸೇರುವ ಕೊನೆಯ ಕಿಲೋಮೀಟರಿನಲ್ಲಿ ಮಾತ್ರ ಪೂರ್ತಿ ನಿಖರತೆ ಬೇಕು. ಆ 15 ನಿಮಿಷಕ್ಕಾಗಿಯೇ ಉಳಿದ ಹತ್ತು ಗಂಟೆ ಚಾರ್ಜ್ ಉಳಿಸಬೇಕಾದದ್ದು. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ. ಬಸ್ ಹೊರಟಾಗ ಉತ್ಸಾಹದಿಂದ ಎಲ್ಲ ಆನ್ ಮಾಡುತ್ತೇವೆ, ಇಳಿಯುವ ಹೊತ್ತಿಗೆ ಶೇ. 3 ಉಳಿದಿರುತ್ತದೆ.

ನಿಂತ ಚುಕ್ಕಿಯ ಭಯ

‘ಚುಕ್ಕಿ ಅರ್ಧ ಗಂಟೆಯಿಂದ ಒಂದೇ ಕಡೆ ನಿಂತಿದೆ!’ ಅಂತ ಗಾಬರಿಯಾಗುವ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಗಮನಿಸಿ. ಚುಕ್ಕಿ ನಿಂತಿದೆ ಅಂದರೆ ಮನುಷ್ಯ ನಿಂತಿದ್ದಾನೆ ಅಂತಲೇ ಅಲ್ಲ. ಸುದ್ದಿ ನಿಂತಿದೆ ಅಂತಲೂ ಇರಬಹುದು.

ಪ್ರತಿ ಚುಕ್ಕಿಯಲ್ಲಿ ಮೂರು ಸಂಗತಿ ಇರುತ್ತವೆ: ಜಾಗ ಯಾವುದು, ಅದರ ಸುತ್ತಲ ವೃತ್ತ ಎಷ್ಟು ದೊಡ್ಡದು, ಮತ್ತು ಅದು ಎಷ್ಟು ಹೊತ್ತಿನ ಹಿಂದಿನದು. ನಾವು ಮೊದಲನೆಯದನ್ನಷ್ಟೇ ನೋಡುತ್ತೇವೆ. ತಿಳಿ ನೀಲಿಯ ದೊಡ್ಡ ವೃತ್ತ ಕಂಡರೆ, ಮನುಷ್ಯ ಅದರೊಳಗೆ ಎಲ್ಲಾದರೂ ಇರಬಹುದು ಎಂದರ್ಥ. ‘20 ನಿಮಿಷದ ಹಿಂದೆ’ ಅಂತಿದ್ದರೆ ಆ ಜಾಗ ಎಷ್ಟೇ ನಿಖರವಾಗಿರಲಿ, ಅದು ಹಳೆಯ ವಾರ್ತೆ. ಹಳೆಯ ನಿಖರ ಸುದ್ದಿಗಿಂತ ಹೊಸ ಒರಟು ಸುದ್ದಿಯೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸುದ್ದಿ ಯಾಕೆ ನಿಲ್ಲುತ್ತದೆ? ನೆಟ್‌ವರ್ಕ್ ಇಲ್ಲದ ಕಡೆ ಫೋನಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಿದ್ದರೂ ಹೇಳಲು ದಾರಿಯಿಲ್ಲ. ಬ್ಯಾಟರಿ ಸೇವರ್ ಆನ್ ಆದರೆ ಹಿನ್ನೆಲೆಯ ಆ್ಯಪ್‌ಗಳನ್ನು ಫೋನೇ ಕಟ್ಟಿಹಾಕುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಗಂಟೆಗೆ ಕೆಲವೇ ಸಲ ಜಾಗದ ಮಾಹಿತಿ ಕೊಡುವ ನಿಯಮವಿದೆ. ಅದಕ್ಕಿಂತ ಹೆಚ್ಚು ಬೇಕಾದ ಆ್ಯಪ್, ಪರದೆಯ ಮೇಲ್ಭಾಗದಲ್ಲಿ ‘ನಾನು ಕೆಲಸ ಮಾಡುತ್ತಿದ್ದೇನೆ’ ಎಂಬ ಸೂಚನೆಯನ್ನು ಕಾಣುವಂತೆ ಇಟ್ಟುಕೊಂಡು ಓಡಬೇಕು. ಕಿರಿಕಿರಿ ಅಂತ ಆ ಆ್ಯಪನ್ನು ನಾವು ಬಲವಂತವಾಗಿ ಮುಚ್ಚಿದರೆ ಚುಕ್ಕಿಯೂ ನಿಲ್ಲುತ್ತದೆ.

ಆದ್ದರಿಂದ ಮನೆಯವರೆಲ್ಲ ಕೂತು ಒಂದು ಮಾತು ಮಾಡಿಕೊಳ್ಳಿ. ಚುಕ್ಕಿ ಇಷ್ಟು ಹೊತ್ತು ಅಲುಗದಿದ್ದರೆ ಮೊದಲು ಮೆಸೇಜ್, ಆಮೇಲೆ ಕರೆ, ಅದಕ್ಕೂ ಉತ್ತರ ಬಾರದಿದ್ದರೆ ಜೊತೆಯಲ್ಲಿರುವವರಿಗೆ ಅಥವಾ ಬಸ್ ಕಂಪನಿಗೆ ಕರೆ, ನಿಜಕ್ಕೂ ಅನುಮಾನ ಬಂದರೆ 112. ಬಸ್ಸಿನ ನಂಬರು, ಜೊತೆಯವರ ಫೋನ್ ನಂಬರು ಮನೆಯಲ್ಲಿ ಬರೆದಿಟ್ಟಿರಲಿ. ತೆಲಂಗಾಣ ಪೊಲೀಸರು 2024ರ ಮಾರ್ಚ್‌ನಲ್ಲಿ ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರಿಗಾಗಿ ಟಿ-ಸೇಫ್ ಎಂಬ ಸೇವೆ ಆರಂಭಿಸಿದರು. ಸ್ಮಾರ್ಟ್‌ಫೋನ್ ಇಲ್ಲದವರೂ ಕರೆ ಮಾಡಿ ಪ್ರಯಾಣದ ಮೇಲೆ ನಿಗಾ ಕೇಳಬಹುದಾದ ಸೇವೆ ಅದು. ಆದರೆ ಯಾವ ಸೇವೆಗೂ ಫೋನು ಉಸಿರಾಡುತ್ತಿರಬೇಕು, ನೆನಪಿರಲಿ.

ಇವತ್ತೇ ಮಾಡಬಹುದಾದದ್ದು

ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು, ಯಾವ ಯಾವ ಆ್ಯಪ್‌ಗಳು ನಿಮ್ಮ ಜಾಗ ಕೇಳುತ್ತಿವೆ ನೋಡಿ. ಸಾಮಾನು ತರಿಸುವ ಆ್ಯಪ್, ಹವಾಮಾನದ ಆ್ಯಪ್, ಆಟದ ಆ್ಯಪ್‌ಗಳಿಗೆ ‘ಯಾವಾಗಲೂ’ ಅನುಮತಿ ಯಾಕೆ? ‘ಆ್ಯಪ್ ಬಳಸುವಾಗ ಮಾತ್ರ’ ಅಂತ ಬದಲಿಸಿ. ‘ಯಾವಾಗಲೂ’ ಅನ್ನುವುದು ಮನೆಯವರು ನೋಡುವ ಒಂದೇ ಒಂದು ಆ್ಯಪಿಗೆ ಇರಲಿ. ಎರಡು ಮೂರು ಟ್ರ್ಯಾಕಿಂಗ್ ಆ್ಯಪ್ ಹಾಕಿದರೆ ಭದ್ರತೆ ಮೂರು ಪಟ್ಟು ಆಗುವುದಿಲ್ಲ, ಖರ್ಚು ಮಾತ್ರ ಏರುತ್ತದೆ.

ಎರಡನೆಯದು, ‘ನಿಖರ ಜಾಗ’ ಅನ್ನುವ ಗುಂಡಿ. ಐಫೋನಿನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 2021ರಿಂದ ಇದು ಇದೆ. ಹವಾಮಾನ ಹೇಳಲು ನಿಮ್ಮ ಮನೆ ಬಾಗಿಲು ಗೊತ್ತಿರಬೇಕಾಗಿಲ್ಲ, ಊರು ಗೊತ್ತಾದರೆ ಸಾಕು. ಅಂಥ ಆ್ಯಪ್‌ಗಳಿಗೆ ಆ ಗುಂಡಿ ಆಫ್ ಮಾಡಿ. ಕ್ಯಾಬ್ ಕರೆಯುವ ಆ್ಯಪಿಗೆ ಆನ್ ಇರಲಿ, ಇಲ್ಲದಿದ್ದರೆ ಡ್ರೈವರಣ್ಣ ಪಕ್ಕದ ಗಲ್ಲಿಯಲ್ಲಿ ನಿಂತು ಫೋನ್ ಮಾಡುತ್ತಾರೆ.

ಮೂರನೆಯದು, ಅವಧಿ. ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸುವಾಗ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ ಇವೆ. ಆಟೋ ಹತ್ತಿದಾಗ 15 ನಿಮಿಷವೋ 1 ಗಂಟೆಯೋ ಸಾಕು. ಅಭ್ಯಾಸಬಲದಿಂದ 8 ಗಂಟೆ ಒತ್ತಬೇಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಜಾಗ ಹಂಚಿಕೊಂಡರೆ ನೋಡುವವರಿಗೆ ನಿಮ್ಮ ಫೋನಿನ ಬ್ಯಾಟರಿ ಎಷ್ಟಿದೆ ಅನ್ನುವುದೂ ಕಾಣುತ್ತದೆ. ಆಗ ‘ಸ್ವಿಚ್ ಆಫ್’ ಅಂತ ಬಂದರೂ, ‘ಶೇ. 2 ಇತ್ತು, ಚಾರ್ಜ್ ಮುಗಿದಿರಬೇಕು’ ಅಂತ ಮನೆಯವರು ಊಹಿಸಬಹುದು. ಕಾರಣ ಗೊತ್ತಿರುವ ಮೌನ ಅಷ್ಟು ಹೆದರಿಸುವುದಿಲ್ಲ.

ನಾಲ್ಕನೆಯದು, ಮರೆವಿನ ತೊಂದರೆ ಇರುವ ಹಿರಿಯರಿದ್ದರೆ ದಾರಿ ಸ್ವಲ್ಪ ಬೇರೆ. ಅಂಥ ಕಡೆ ಮನೆಯ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಹಾಕಿ, ಅಜ್ಜ ಆ ಗೆರೆ ದಾಟಿದರೆ ಮಾತ್ರ ಸೂಚನೆ ಬರುವ ಹಾಗೆ ಇಡಬಹುದು. ಮನೆಯಲ್ಲಿ ಅವರು ಸುಮ್ಮನೆ ಕೂತಿರುವಾಗ ಫೋನೂ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಅಲುಗಾಟ ತಿಳಿಯುವ ಪುಟ್ಟ ಸೆನ್ಸರ್ ಬಹಳ ಕಡಿಮೆ ಶಕ್ತಿಯಲ್ಲಿ ಕಾವಲು ಕಾಯುತ್ತದೆ, ಅವರು ನಡೆಯತೊಡಗಿದಾಗ ಉಳಿದದ್ದನ್ನು ಎಬ್ಬಿಸುತ್ತದೆ.

ಐದನೆಯದು ಹೇಳಬೇಕಾಗಿಯೇ ಇಲ್ಲ: ಚೀಲದಲ್ಲಿ ಒಂದು ಪವರ್ ಬ್ಯಾಂಕ್. ಅದನ್ನೂ ಚಾರ್ಜ್ ಮಾಡಿ ಇಟ್ಟುಕೊಳ್ಳಿ ಅಂತ ಹೇಳಬೇಕಾಗಿದೆ!

ಕಡಿಮೆ ಕೇಳುವುದೂ ಒಂದು ಮರ್ಯಾದೆ

ಕೊನೆಗೆ ಬ್ಯಾಟರಿಗಿಂತ ಸ್ವಲ್ಪ ದೊಡ್ಡ ಮಾತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನೆಯೊಳಗೂ ಆ ಮಾತು ಸಲ್ಲುತ್ತದೆ. ಇಪ್ಪತ್ತೈದು ವರ್ಷದ ಮಗಳು ಮಧ್ಯಾಹ್ನ ಯಾವ ಹೋಟೆಲಿನಲ್ಲಿ ಊಟ ಮಾಡಿದಳು ಅಂತ ಐದು ಮೀಟರ್ ಲೆಕ್ಕದಲ್ಲಿ ಗೊತ್ತಿರಬೇಕಾದ ಅಗತ್ಯ ಅಪ್ಪನಿಗಿಲ್ಲ. ರಾತ್ರಿ ಪ್ರಯಾಣದಲ್ಲಿ ಅವಳು ಕ್ಷೇಮವಾಗಿದ್ದಾಳೆ ಅಂತ ತಿಳಿದರೆ ಸಾಕು.

ಬ್ಯಾಟರಿ ಉಳಿಸಲು ಮಾಡಬೇಕಾದ್ದು, ಮಕ್ಕಳ ಮೇಲೆ ನಂಬಿಕೆ ಉಳಿಸಲು ಮಾಡಬೇಕಾದ್ದು, ಎರಡೂ ಒಂದೇ ಅನ್ನುವುದು ಎಷ್ಟು ಅನುಕೂಲ ನೋಡಿ. ಬೇಕಾದಾಗ ಕೇಳಿ, ಬೇಕಾದಷ್ಟೇ ಕೇಳಿ, ಅವರಿಗೆ ಹೇಳಿಯೇ ಕೇಳಿ. ಯಾವಾಗ ಆನ್ ಮಾಡಬೇಕು, ಯಾವಾಗ ಆಫ್ ಮಾಡಬೇಕು ಅಂತ ಮಗಳ ಜೊತೆ ಕೂತು ತೀರ್ಮಾನಿಸಿದರೆ ಅವಳೇ ಮುತುವರ್ಜಿಯಿಂದ ಆನ್ ಮಾಡುತ್ತಾಳೆ. ಕದ್ದು ನೋಡಿದರೆ ಒಂದು ದಿನ ಫೋನನ್ನೇ ರೂಮಿನಲ್ಲಿ ಬಿಟ್ಟು ಹೋಗುತ್ತಾಳೆ. ಆಗ ಚುಕ್ಕಿ ಬಹಳ ನಿಖರವಾಗಿ ಸುಳ್ಳು ಹೇಳುತ್ತದೆ!

ಇನ್ನು ‘ಊಟ ಆಯ್ತೇನವ್ವಾ?’ ಅಂತ ಕೇಳುವ ಒಂದು ನಿಮಿಷದ ಕರೆಯನ್ನು ಮಾತ್ರ ಯಾವ ಆ್ಯಪಿಗೂ ಒಪ್ಪಿಸಬೇಡಿ. ಅದಕ್ಕೆ ತಗಲುವ ಚಾರ್ಜ್ ಬಹಳ ಕಮ್ಮಿ.

ನಿಮ್ಮ ಮನೆಯಲ್ಲಿ ಈ ವಿಷಯಕ್ಕೆ ಯಾವ ಕಟ್ಟುಪಾಡು ಮಾಡಿಕೊಂಡಿದ್ದೀರಿ ಅಂತ ನಮಗೆ ಬರೆದು ತಿಳಿಸಿ, ಒಳ್ಳೆಯದನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳ್ತಾ ಇರಿ, ಕ್ಷೇಮವಾಗಿ ಮನೆ ಸೇರ್ತಾ ಇರಿ.